ಯಂತ್ರದ ಬಾಯಲ್ಲಿ ಯಾರ ಕನ್ನಡ?



ನಮ್ಮಮ್ಮನಿಗೆ ಈಗ 72 ವರ್ಷ. ಹೋದ ವರ್ಷ ಮಂಡಿನೋವು ಜಾಸ್ತಿಯಾಯಿತೆಂದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನು ಆಟೋದವನ ಹತ್ತಿರ ಚಿಲ್ಲರೆಗೆ ಜಗಳವಾಡಿ ಬರುವಷ್ಟರಲ್ಲಿ ಅಮ್ಮ ಬಾಗಿಲ ಒಳಗೆ ಹೋಗಿ ನಿಂತಿದ್ದಳು. ಅವಳ ಎದುರಿಗೆ ಎದೆ ಮೇಲೆ ಟೀವಿ ಅಂಟಿಸಿಕೊಂಡ, ಚಕ್ರದ ಕಾಲಿನ ಬಿಳಿ ಬೊಂಬೆ. ರೋಬೋಟು! ಅಮ್ಮ ಅದಕ್ಕೊಂದು ನಮಸ್ಕಾರ ಹಾಕಿ, "ಮಂಡಿ ಡಾಕ್ಟ್ರು ಎಲ್ಲಿ ಕೂರ್ತಾರಪ್ಪಾ?" ಅಂದಳು. ಅದು ಇಂಗ್ಲಿಷಿನಲ್ಲಿ ಸಾರಿ ಅಂದಿತು. ಅಮ್ಮ ಇನ್ನೂ ಜೋರಾಗಿ ಕೇಳಿದಳು. ಅದು ಹಿಂದಿಯಲ್ಲಿ ಏನೋ ಅಂದಿತು. ಮೂರನೇ ಸಲಕ್ಕೆ ಅಮ್ಮ ನನ್ನ ಕಡೆ ತಿರುಗಿ, "ಪಾಪ, ಇದಕ್ಕೆ ಕಿವಿ ಕೇಳ್ಸಲ್ಲ ಅನ್ಸುತ್ತೆ ಕಣೋ" ಅಂದಳು.

ಆಗ ನಗು ಬಂತು. ಮನೆಗೆ ಬಂದು ಊಟಕ್ಕೆ ಕೂತಾಗ ಹೊಟ್ಟೆ ಉರಿಯಿತು. ಅರವತ್ತು ವರ್ಷ ಇದೇ ಊರಿನ ನೀರು ಕುಡಿದ ಹೆಂಗಸು ಕನ್ನಡದಲ್ಲಿ ದಾರಿ ಕೇಳಿದರೆ, ಸಾರಿ ಕೇಳಬೇಕಾದವರು ಯಾರು? ಆ ಬೊಂಬೆಯಾ? ಅದನ್ನು ಕೊಂಡು ತಂದು ನಿಲ್ಲಿಸಿದವರಾ? ಇಲ್ಲಾ ನಾವಾ?

ನಾನು ಓದಿದ್ದು ಪಿಯುಸಿ. ನನಗಿರುವುದು ಒಂದು ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು, ಕರಪತ್ರ ಇವೇ ನನ್ನ ಸಾಹಿತ್ಯ. ಕಂಪ್ಯೂಟರ್ ಇಂಜಿನಿಯರುಗಳ ವಿಷಯದಲ್ಲಿ ಪ್ರೆಸ್ಸಿನವನಿಗೇನು ಕೆಲಸ ಎಂದು ನೀವು ಕೇಳಬಹುದು. ಇದೆ ಸ್ವಾಮಿ, ಕೆಲಸ ಇದೆ. ಯಂತ್ರಕ್ಕೆ ಮಾತು ಕಲಿಸುವ ಈ ಕಥೆ ಶುರುವಾಗುವಾಗಲೇ ಪ್ರೆಸ್ಸಿನ ವಾಸನೆ ಹೊಡೆಯುತ್ತದೆ.

ಅಮೆರಿಕದ ಎಂಐಟಿಯಲ್ಲಿ 1968ರಿಂದ 70ರ ನಡುವೆ ಟೆರ್ರಿ ವಿನೊಗ್ರಾಡ್ ಎಂಬ ವಿದ್ಯಾರ್ಥಿ ಒಂದು ಪ್ರೋಗ್ರಾಂ ಬರೆದ. ಪರದೆಯ ಮೇಲೆ ಒಂದು ರೋಬೋಟ್ ಕೈ, ಒಂದು ಮೇಜು, ಮಕ್ಕಳು ಆಡುವಂಥ ಬಣ್ಣಬಣ್ಣದ ಕಟ್ಟೆಗಳು. ಇಂಗ್ಲಿಷಿನಲ್ಲಿ ಟೈಪು ಮಾಡಿ, ಆ ಕೆಂಪು ಕಟ್ಟೆ ಎತ್ತು ಅಂದರೆ ಎತ್ತುತ್ತಿತ್ತು. ಆ ಗೋಪುರ ಎತ್ತು ಅಂದರೆ, ನೀವು ಹೇಳುವುದು ಯಾವ ಗೋಪುರವೋ ತಿಳಿಯಲಿಲ್ಲ ಎನ್ನುತ್ತಿತ್ತು. ಅದನ್ನು ಯಾಕೆ ಎತ್ತಿದೆ ಎಂದರೆ ಕಾರಣವನ್ನೂ ಹೇಳುತ್ತಿತ್ತು! ಮಾತು ಅರ್ಥ ಮಾಡಿಕೊಂಡು ಕೆಲಸ ಮಾಡುವ ರೋಬೋಟಿನ ಸಾಫ್ಟ್‌ವೇರಿಗೆ ಇವತ್ತಿಗೂ ಅದನ್ನು ಮುತ್ತಜ್ಜನಂತೆ ನೆನೆಯುತ್ತಾರೆ. ಅದರ ಹೆಸರು ಶ್ರಡ್‌ಲು.

ಇದೆಂಥಾ ಹೆಸರು? ಇಂಗ್ಲಿಷ್ ಪತ್ರಿಕೆಗಳನ್ನು ಅಚ್ಚು ಮಾಡುತ್ತಿದ್ದ ಲೈನೋಟೈಪ್ ಮೆಷೀನಿನಲ್ಲಿ ಕೀಲಿಗಳನ್ನು ಯಾವ ಅಕ್ಷರ ಹೆಚ್ಚು ಬರುತ್ತದೋ ಆ ಲೆಕ್ಕದಲ್ಲಿ ಜೋಡಿಸಿದ್ದರು. ಮೊದಲ ಸಾಲು ಇ, ಟಿ, ಎ, ಓ, ಐ, ಎನ್. ಎರಡನೇ ಸಾಲು ಎಸ್, ಎಚ್, ಆರ್, ಡಿ, ಎಲ್, ಯು. ಸಾಲು ತಪ್ಪಾದರೆ ಆಪರೇಟರು ಮೇಲಿಂದ ಕೆಳಕ್ಕೆ ಬೆರಳು ಸವರಿ ಆ ಸಾಲನ್ನು ತುಂಬಿಸಿ ಎಸೆಯುತ್ತಿದ್ದ. ಎಸೆಯಲು ಮರೆತರೆ ಮಾರನೇ ದಿನ ಪೇಪರಿನಲ್ಲೇ ಈ ಅಕ್ಷರಗಳು ಅಚ್ಚಾಗಿ ಬರುತ್ತಿದ್ದವು. ಆ ಎರಡನೇ ಸಾಲೇ ಈ ಪ್ರೋಗ್ರಾಮಿನ ಹೆಸರು. ಪ್ರೆಸ್ಸಿನವರ ತಪ್ಪಿನಿಂದ ಹುಟ್ಟಿದ ಹೆಸರು. ಇದನ್ನು ಓದಿದ ದಿನ ನನಗೆ ಎಂಥ ಹೆಮ್ಮೆಯಾಯಿತು ಅಂತೀರಿ!

ಆದರೆ ಒಂದು ಮಾತು ಗಮನಿಸಿ. ಆ ಲೈನೋಟೈಪಿನ ಕೀಲಿಮಣೆ ಇಂಗ್ಲಿಷಿನ ಲೆಕ್ಕಕ್ಕೆ ಹುಟ್ಟಿದ್ದು. ನಮ್ಮಪ್ಪ ಮಾತ್ರ ನೂರಾರು ಮನೆಗಳ ಕೇಸಿನ ಮುಂದೆ ನಿಂತು ಒಂದೊಂದೇ ಮೊಳೆ ಹೆಕ್ಕಿ ಕನ್ನಡ ಜೋಡಿಸುತ್ತಿದ್ದ. ಕಾಗುಣಿತಕ್ಕೊಂದು ಮೊಳೆ, ಒತ್ತಕ್ಷರಕ್ಕೊಂದು ಮೊಳೆ. ಯಂತ್ರ ಮೊದಲು ಇಂಗ್ಲಿಷಿಗೆ ಬರುತ್ತದೆ, ಕನ್ನಡ ಆಮೇಲೆ ಅದರಲ್ಲಿ ಕೈಕಾಲು ಮಡಚಿಕೊಂಡು ಕೂರಬೇಕು. ಅವತ್ತೂ ಇದೇ ಕಥೆ, ಇವತ್ತೂ ಇದೇ ಕಥೆ.

ಈಗಿನ ರೋಬೋಟು ಮಾತಾಡುವುದು ಹೇಗೆ? ಮೊದಲು ನಿಮ್ಮ ದನಿಯನ್ನು ಅಕ್ಷರ ಮಾಡಿಕೊಳ್ಳುತ್ತದೆ. ಅಕ್ಷರದಿಂದ ನಿಮಗೇನು ಬೇಕು ಎಂದು ಲೆಕ್ಕ ಹಾಕುತ್ತದೆ. ತನ್ನ ಕೈಕಾಲಿಗೆ ಅದು ಆಗುತ್ತದೋ ಇಲ್ಲವೋ ನೋಡಿಕೊಳ್ಳುತ್ತದೆ. ಆಮೇಲೆ ಉತ್ತರ ಕಟ್ಟಿ, ದನಿ ಮಾಡಿ ಹೇಳುತ್ತದೆ. 2022ರಲ್ಲಿ ಗೂಗಲ್‌ನವರು ಸೇಕ್ಯಾನ್ ಎಂಬ ಪ್ರಯೋಗ ಮಾಡಿದರು. ಕುಡಿಯುತ್ತಿದ್ದ ಪಾನೀಯ ಚೆಲ್ಲಿಬಿಟ್ಟೆ, ಸಹಾಯ ಮಾಡ್ತೀಯಾ ಎಂದು ರೋಬೋಟಿಗೆ ಹೇಳುವುದು. ಬಟ್ಟೆ ತಾ, ಸ್ಪಂಜು ತಾ ಎಂದು ಯಾರೂ ಹೇಳಿಲ್ಲ. ಭಾಷೆ ಬಲ್ಲ ಸಾಫ್ಟ್‌ವೇರು ಏನೇನು ಮಾಡಬಹುದೆಂದು ಹೇಳುತ್ತದೆ, ರೋಬೋಟಿನ ಇನ್ನೊಂದು ಭಾಗ ಅದರಲ್ಲಿ ತನ್ನ ಕೈಲಿ ಆಗುವುದು ಯಾವುದೆಂದು ನೋಡುತ್ತದೆ. ಎರಡೂ ಸೇರಿ ಸ್ಪಂಜು ಹುಡುಕಿಕೊಂಡು ಹೊರಡುತ್ತವೆ. ಚೀನೀ, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲೂ ಹೇಳಿ ನೋಡಿದರು. ಇಂಗ್ಲಿಷಿಗೆ ಹೆಚ್ಚುಕಡಿಮೆ ಸಮಸಮ ಅರ್ಥವಾಯಿತು. ಆ ಭಾಷೆಗಳ ಬರಹ ಅದರ ಹೊಟ್ಟೆಗೆ ಮೊದಲೇ ಟನ್‌ಗಟ್ಟಲೆ ಬಿದ್ದಿತ್ತು. ಉಣಿಸಿದ್ದನ್ನೇ ಅಲ್ಲವೇ ಅದು ಉಗುಳುವುದು?

ಈಗ ನಮ್ಮ ಕನ್ನಡಕ್ಕೆ ಬನ್ನಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಬೇಡ ಅನ್ನುವುದು ಕ್ರಿಯಾಪದಕ್ಕಿಂತಲೂ ಕೊನೆಗೆ. ಇಂಗ್ಲಿಷಿನವನು ಬೇಡ ಅನ್ನುವುದನ್ನು ಮೊದಲೇ ಹೇಳಿ ಆಮೇಲೆ ಕೆಲಸ ಹೇಳುತ್ತಾನೆ. ನಾವು, "ಆ ಪ್ಲೇಟು ತೆಗೆದು ಮೆಷೀನಿಗೆ ಹಾಕಬೇ..." ಅಂತ ಅಲ್ಲಿಯವರೆಗೂ ಹೇಳಿ, ಕೊನೆಯ ಒಂದಕ್ಷರದಲ್ಲಿ ತೀರ್ಪು ಕೊಡುತ್ತೇವೆ. ಹಾಕಬೇಕು. ಹಾಕಬೇಡ. ಕು ಮತ್ತು ಡ. ಅಷ್ಟೇ ವ್ಯತ್ಯಾಸ! ಪ್ರೆಸ್ಸಿನ ಗಲಾಟೆಯಲ್ಲಿ ಆ ಕೊನೆಯ ಅಕ್ಷರವೇ ಮೊದಲು ನುಂಗಿಹೋಗುವುದು. ಇದರ ಮೇಲೆ ಧಾರವಾಡದವರು ಹಾಕಬ್ಯಾಡ ಅಂತಾರೆ, ನಮ್ಮ ಮಂಡ್ಯದ ಕಡೆಯ ಹುಡುಗ ಆಕ್ಬ್ಯಾಡ ಅಂತಾನೆ. ಪುಸ್ತಕದ ಕನ್ನಡ ಮಾತ್ರ ಕೇಳಿ ಬೆಳೆದ ರೋಬೋಟು ಇವನನ್ನು ಏನೆಂದು ತಿಳಿಯಬೇಕು?

ಇದೇನು ತಮಾಷೆಯ ಮಾತಲ್ಲ. ನಾನು ಚಿಕ್ಕವನಾಗಿದ್ದಾಗ ಅಪ್ಪನ ಟ್ರೆಡಲ್ ಮೆಷೀನಿನಲ್ಲಿ ಪೇಪರು ಕೊಡುತ್ತಿದ್ದ ಹುಡುಗನ ಬೆರಳು ಸಿಕ್ಕಿಕೊಂಡಿತ್ತು. "ಅಯ್ಯಯ್ಯೋ ನಿಲ್ಸಣ್ಣಾ!" ಅಂದ. ಅಪ್ಪ ಕಾಲು ತೆಗೆದು ಚಕ್ರ ಹಿಡಿದ. ಒಂದು ಉಗುರು ಹೋಯಿತು, ಕೈ ಉಳಿಯಿತು. ನಿಲ್ಸಣ್ಣಾ ಎಂಬ ಮಾತು ಕನ್ನಡ ಬಲ್ಲ ಕಿವಿಗೆ ಬಿದ್ದಿದ್ದರಿಂದ ಉಳಿಯಿತು. ಕಾರ್ಖಾನೆಗಳಿಗೆ ಮಾತು ಕೇಳುವ ಯಂತ್ರಗಳು ಬರುವ ಕಾಲ ಇದು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಅಂಥದ್ದರ ಪಕ್ಕ ನಿಲ್ಲುವ ನಮ್ಮ ಹುಡುಗ ಗಾಬರಿಯಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಾನೆ? ಡಿಕ್ಷನರಿ ನೋಡಿಕೊಂಡು ಕೂಗುತ್ತಾನಾ? ಕೆಂಪು ಬಟನ್ನು ಇರುತ್ತದೆ, ನಿಜ. ಇರಲೇಬೇಕು. ಬಟನ್ನಿಗೆ ಕೈ ಎಟುಕದಾಗ ಬಾಯಿ ತಾನೇ ಉಳಿಯುವುದು?

ಇನ್ನೊಂದು ತೊಡಕು ನಮ್ಮ ಪದಗಳದ್ದು. "ಕಳಿಸಿಕೊಡಲಾಗುತ್ತಿರಲಿಲ್ಲವಂತೆ." ಇದು ಒಂದೇ ಪದ. ಕಳಿಸಿ, ಕೊಡಲು, ಆಗುತ್ತ, ಇರಲಿಲ್ಲ, ಅಂತೆ ಎಲ್ಲ ಇದರೊಳಗಿದೆ. ಆ ಕೊನೆಯ ಅಂತೆ ಇದೆಯಲ್ಲ, ಅದು ನಮ್ಮ ಭಾಷೆಯ ಪ್ರಾಮಾಣಿಕತೆ. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದು ಎಂದು ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಡಾಕ್ಟ್ರು ಬಂದರು ಎಂಬುದಕ್ಕೂ ಡಾಕ್ಟ್ರು ಬಂದರಂತೆ ಎಂಬುದಕ್ಕೂ ಇರುವ ದೂರ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೇ ಗೊತ್ತು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವ ಯಂತ್ರ ಈ ಅಂತೆಯನ್ನು ದಾರಿಯಲ್ಲೇ ಬೀಳಿಸಿಕೊಂಡು ಬರುತ್ತದೆ.

ನೀನು, ನೀವು ಕೂಡ ಹಾಗೇ ಬಿದ್ದುಹೋಗುತ್ತವೆ. ನನ್ನ ಆಫ್‌ಸೆಟ್ ಮೆಷೀನಿನ ಸಾಲದ ಕಂತು ಎರಡು ದಿನ ತಡವಾಗಿತ್ತು. ಒಂದು ಯಂತ್ರದ ಹೆಣ್ಣುದನಿ ಫೋನು ಮಾಡಿ, "ನಿನ್ನ ಪಾವತಿಯು ಬಾಕಿ ಇರುತ್ತದೆ, ದಯಮಾಡಿ ಕೂಡಲೇ ಪಾವತಿಸು" ಅಂದಿತು. ದಯಮಾಡಿ ಅಂತೆ, ಪಾವತಿಸು ಅಂತೆ! ಇದು ಯಾವ ಊರಿನ ಮರ್ಯಾದೆ? "ನಾಡಿದ್ದು ಕಟ್ತೀನಿ ಕಣಮ್ಮ" ಅಂದೆ. ನಾಡಿದ್ದು ಅದಕ್ಕೆ ತಿಳಿಯಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿತು. ಸಾಲ ಕೊಟ್ಟವರು ಮನುಷ್ಯರನ್ನು ಕಳಿಸುತ್ತಿದ್ದಾಗ ಕನಿಷ್ಠ ಬೈಯುವುದನ್ನಾದರೂ ನೆಟ್ಟಗೆ ಬೈಯುತ್ತಿದ್ದರು.

ಹಾಗೆಂದು ಎಲ್ಲ ಕಡೆ ಕತ್ತಲೆಯಿಲ್ಲ. 2017ರಲ್ಲಿ ಕೆನರಾ ಬ್ಯಾಂಕು ಜೆ.ಸಿ. ರಸ್ತೆಯ ತನ್ನ ಪ್ರಧಾನ ಕಚೇರಿಯಲ್ಲಿ ಮಿತ್ರ ಎಂಬ ರೋಬೋಟನ್ನು ನಿಲ್ಲಿಸಿದಾಗ ಅದು ಬಂದವರನ್ನು ಕನ್ನಡದಲ್ಲೇ ಮಾತಾಡಿಸಿತು. ಮಾಡಿದ್ದು ಬೆಂಗಳೂರಿನದೇ ಇನ್ವೆಂಟೊ ಎಂಬ ಕಂಪನಿ. ಮನಸ್ಸಿದ್ದರೆ ಆಗುತ್ತದೆ ಎಂದಾಯಿತಲ್ಲ! ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಐಐಎಸ್‌ಸಿಯವರು, ಗೂಗಲ್ ಜೊತೆ ಸೇರಿ ವಾಣಿ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಿದ್ದಾರೆ. ಜನಕ್ಕೆ ಒಂದು ಚಿತ್ರ ತೋರಿಸಿ, ಏನು ಕಾಣುತ್ತದೆ ಹೇಳಿ ಅನ್ನುತ್ತಾರೆ. ಓದಿಸುವುದಿಲ್ಲ, ಮಾತಾಡಿಸುತ್ತಾರೆ. ಇದು ಒಳ್ಳೆಯ ಉಪಾಯ. ಬರೆದದ್ದನ್ನು ಓದು ಎಂದರೆ ನಾವೆಲ್ಲ ಆಕಾಶವಾಣಿಯವರಾಗಿಬಿಡುತ್ತೇವೆ. ಚಿತ್ರ ತೋರಿಸಿದರೆ ಮಾತ್ರ ನಿಜವಾದ ಬಾಯಿ ಬಿಡುತ್ತೇವೆ. ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂಬುದನ್ನು ಶುರುಮಾಡಿದೆ, ಅದರಲ್ಲಿ ಕನ್ನಡವೂ ಇದೆ. ಮದ್ರಾಸ್ ಐಐಟಿಯ ಎಐ4ಭಾರತ್‌ನವರು ಮಾಡಿದ ಅನುವಾದದ ಸಾಫ್ಟ್‌ವೇರನ್ನು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಕನ್ನಡಕ್ಕೆ ಈ ಕೆಲಸ ಮದ್ರಾಸಿನಲ್ಲಿ ಆಯಿತು ಎಂದು ಕೆಲವರಿಗೆ ಹೊಟ್ಟೆನೋವು. ನನಗಿಲ್ಲ. ಮಾಡಿದವರಿಗೆ ಕೈಮುಗಿಯುತ್ತೇನೆ. ನಾವು ಯಾಕೆ ಮಾಡಲಿಲ್ಲ ಎಂಬುದು ನನ್ನ ಹೊಟ್ಟೆನೋವು.

ಇನ್ನು ದುಡ್ಡಿನ ವಿಷಯ. ಕಂಪ್ಯೂಟರಿಗೆ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟು. ಕನ್ನಡದ ಒಂದು ಚಿಹ್ನೆ ಮೂರು ಬೈಟು. ಕನ್ನಡ ಎಂಬ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 7 ಬೈಟು. ನಮ್ಮ ಲಿಪಿಯಲ್ಲಿ ಕ, ನ, ಒತ್ತಿನ ಕೊಂಡಿ, ನ, ಡ ಎಂದು ಐದು ಚಿಹ್ನೆ, 15 ಬೈಟು. ಮಾತಾಡುವ ಸಾಫ್ಟ್‌ವೇರುಗಳು ಬರಹವನ್ನು ತುಂಡು ತುಂಡು ಮಾಡಿ ನುಂಗುತ್ತವೆ, ಕಂಪನಿಗಳು ತುಂಡಿನ ಲೆಕ್ಕದಲ್ಲಿ ಬಿಲ್ಲು ಹಾಕುತ್ತವೆ. ತುಂಡು ಮಾಡುವ ಕತ್ತರಿ ಇಂಗ್ಲಿಷ್ ಬರಹ ನೋಡಿ ಸಾಣೆ ಹಿಡಿದದ್ದು. ಇಂಗ್ಲಿಷ್ ಪದ ಇಡಿಯಾಗಿ ಒಂದು ತುಂಡಾದರೆ, ಕನ್ನಡ ಪದ ಪುಡಿಪುಡಿ. ಅದೇ ಮಾತು ಹೇಳಲು ನಮಗೆ ಹೆಚ್ಚು ಬಿಲ್ಲು, ಉತ್ತರವೂ ನಿಧಾನ. ಇಂಗ್ಲಿಷ್ ಲಗ್ನಪತ್ರಿಕೆಗೆ ಒಂದು ರೇಟು, ಅದೇ ಪತ್ರಿಕೆ ಕನ್ನಡದಲ್ಲಿ ಬೇಕೆಂದರೆ ಎರಡು ಮೂರು ಪಟ್ಟು ರೇಟು ಎಂದು ನಾನು ಬೋರ್ಡು ಹಾಕಿದರೆ ನೀವು ನನ್ನ ಪ್ರೆಸ್ಸಿನ ಬಾಗಿಲಲ್ಲಿ ಧರಣಿ ಕೂರುತ್ತೀರೋ ಇಲ್ಲವೋ? ಇಲ್ಲಿ ಮಾತ್ರ ಯಾರೂ ಕೂತಿಲ್ಲ.

2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ಹೊಸ ಕತ್ತರಿ ತಂದಿತು. ಯಾವ ಭಾಷೆಗೆ ಎಷ್ಟು ಉಳಿತಾಯ ಎಂದು 20 ಭಾಷೆಗಳ ಪಟ್ಟಿ ಹಾಕಿತು. ಗುಜರಾತಿಗೆ ತುಂಡುಗಳು 4.4 ಪಟ್ಟು ಕಡಿಮೆ. ತೆಲುಗಿಗೆ 3.5 ಪಟ್ಟು. ತಮಿಳಿಗೆ 3.3 ಪಟ್ಟು. ಮರಾಠಿ ಇದೆ, ಹಿಂದಿ ಇದೆ, ಉರ್ದು ಇದೆ. ಕನ್ನಡ? ಪಟ್ಟಿಯಲ್ಲಿ ಇಲ್ಲ! ಅದಕ್ಕೆ ಕನ್ನಡ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಬರುತ್ತದೆ, ಮೊದಲಿಗಿಂತ ಚೆನ್ನಾಗಿಯೇ ಬರುತ್ತದೆ. ಅದು ಬರೀ ಮಾದರಿಯ ಪಟ್ಟಿ. ಆದರೂ 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ ಜನ ತಾಯಿನುಡಿ ಎಂದು ಬರೆಸಿದ ಭಾಷೆ ಮಾದರಿಗೂ ನೆನಪಾಗಲಿಲ್ಲವಲ್ಲ. ಇಂಥದ್ದನ್ನು ಕಂಡು ಕೂಗಬೇಕಾದವರು ಅವತ್ತು ಎಲ್ಲಿದ್ದರು? ಇಡೀ ದೇಶದ ಸಾಫ್ಟ್‌ವೇರ್ ರಾಜಧಾನಿ ನಮ್ಮ ಮಡಿಲಲ್ಲಿ ಕೂತಿದೆ ಎಂದು ಎದೆ ತಟ್ಟಿಕೊಳ್ಳುವವರು ನಾವು.

ಇಷ್ಟು ಬೈದದ್ದಾಯಿತು. ಈಗ ನನ್ನ ಜಾತಿಯವರನ್ನು, ಅಂದರೆ ಪ್ರೆಸ್ಸಿನವರನ್ನು ಬೈಯುತ್ತೇನೆ.

ಯಂತ್ರ ಕನ್ನಡ ಕಲಿಯುವುದು ಕನ್ನಡ ಓದಿ. ಓದಲು ಅದಕ್ಕೆ ಎಲ್ಲಿದೆ ಕನ್ನಡ? ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳು 60 ಲಕ್ಷ ದಾಟಿ ಎಷ್ಟೋ ಕಾಲವಾಯಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ 30 ಸಾವಿರ ದಾಟಿಕೊಂಡು ಕುಂಟುತ್ತಿದೆ. ಹಾಗಾದರೆ ಕನ್ನಡದಲ್ಲಿ ಬರಹ ಇಲ್ಲವೇ? ಬೇಕಾದಷ್ಟಿದೆ! ನನ್ನ ಬೀರುವಿನಲ್ಲೇ ಇದೆ. ಸಿ.ಡಿ.ಗಳ ಕಟ್ಟುಗಳಿವೆ, ಸತ್ತ ಹಾರ್ಡ್ ಡಿಸ್ಕುಗಳಿವೆ. ಕವನ ಸಂಕಲನ, ಊರಹಬ್ಬದ ಸ್ಮರಣ ಸಂಚಿಕೆ, ಶಾಲೆಯ ಸುವರ್ಣ ಮಹೋತ್ಸವದ ಪುಸ್ತಕ, ರೈತಸಂಘದ ಕರಪತ್ರ, ಹಾರ್ಮೋನಿಯಂ ಮೇಷ್ಟ್ರು ಬರೆದ ನಾಟಕ. ಇಪ್ಪತ್ತು ವರ್ಷದ್ದು. ಎಲ್ಲ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ.

ಇದರಲ್ಲೇನು ತೊಂದರೆ ಅಂತೀರಾ? ಆ ಅಕ್ಷರಗಳು ಕಣ್ಣಿಗೆ ಮಾತ್ರ ಕನ್ನಡ. ಒಳಗಡೆ ಇಂಗ್ಲಿಷಿನ ಕೀಲಿಗಳಿಗೆ ಕನ್ನಡದ ವೇಷ ಹಾಕಿದ್ದೇವೆ ಅಷ್ಟೇ. ಹಳೆಯ ನುಡಿಯಲ್ಲಿ ನೀವು ಕ ಎಂದು ಒತ್ತಿದರೆ ಕಂಪ್ಯೂಟರು ಬರೆದುಕೊಳ್ಳುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೆರೆ ಇರುವ ಒಂದು ಎ. ನಮ್ಮ ನ ಇದೆಯಲ್ಲ, ಅದರ ಜಾಗದಲ್ಲಿ ಕೂತಿರುವುದು ಯಾವುದು ಗೊತ್ತೇ? ಬ್ರಿಟಿಷರ ಪೌಂಡಿನ ಗುರುತು! ಕನ್ನಡ ಎಂದು ಬರೆದರೆ ಒಳಗೆ ಪೌಂಡು. ನುಡಿ ಎಂದು ಬರೆದರೂ ಮೊದಲಿಗೇ ಪೌಂಡು. ಫಾಂಟು ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಯಾವ ದೇಶದ್ದೂ ಅಲ್ಲದ ಕಸ. ಕನ್ನಡ ಕಲಿಯಲು ಬಂದ ಯಂತ್ರ ಅದನ್ನು ಓದಿ, ಕಸವೆಂದು ಎಸೆದು ಮುಂದೆ ಹೋಗುತ್ತದೆ. ನಾವು ಕನ್ನಡಕ್ಕೆ ಹೊತ್ತ ಮಣ್ಣು ಅದರ ಲೆಕ್ಕಕ್ಕೇ ಇಲ್ಲ.

ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಲ್ಲೇ ಸಿಕ್ಕಿತ್ತು. ಅಲ್ಲಿ ಕ ಎಂದರೆ ಕ, ನ ಎಂದರೆ ನ. ಆದರೆ ಪೇಜ್‌ಮೇಕರಿಗೆ ಅದು ಬರುತ್ತಿರಲಿಲ್ಲ, ನಮಗೆ ಪೇಜ್‌ಮೇಕರ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಯಾರಿಗೆ ಬೇಕು ಯುನಿಕೋಡು? ಈಗಲೂ ಎಷ್ಟೋ ಪ್ರೆಸ್ಸಿನವರು ಇದೇ ಮಾತು ಹೇಳುತ್ತಾರೆ. ನಾನೂ ಮೊನ್ನೆ ಮೊನ್ನೆಯವರೆಗೆ ಹೇಳುತ್ತಿದ್ದೆ.

ಇಲ್ಲಿ ನೀವೊಂದು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ನಾನೇ ಕೇಳಿಕೊಳ್ಳುತ್ತೇನೆ. ಯಂತ್ರಕ್ಕೆ ಕನ್ನಡ ಚೆನ್ನಾಗಿ ಬಂದರೆ ನನ್ನ ಅನ್ನಕ್ಕೇ ಕಲ್ಲಲ್ಲವೇ? ಹೌದು. ಆಸ್ಪತ್ರೆಯ ಬಾಗಿಲಲ್ಲಿ ಹಿಂದೆ ಟೋಕನ್ ಕೊಡುತ್ತಿದ್ದ ಹುಡುಗಿಯ ಕೆಲಸವನ್ನು ಬೊಂಬೆ ತಿಂದಿತು. ನನ್ನ ಪ್ರೆಸ್ಸಿನಲ್ಲಿ ಹಿಂದೆ ಐದು ಜನ ಇದ್ದರು, ಈಗ ಇಬ್ಬರು. ಡಿಟಿಪಿ ಮಾಡುವ ಹೆಣ್ಣುಮಗಳು ಹನ್ನೆರಡು ವರ್ಷದಿಂದ ಇದ್ದಾಳೆ. ಹೋದ ಮಾಘಮಾಸದಲ್ಲಿ ಒಬ್ಬರು ಮಗಳ ಮದುವೆಯ ಮ್ಯಾಟರನ್ನು ಯಂತ್ರದಿಂದ ಬರೆಸಿಕೊಂಡು ತಂದರು. "ನಿಮ್ಮ ಉಪಸ್ಥಿತಿಯನ್ನು ವಿನಂತಿಸಲಾಗಿದೆ, ಇದು ನಮ್ಮ ದಿನವನ್ನು ವಿಶೇಷವಾಗಿಸುತ್ತದೆ" ಎಂದಿತ್ತು. ಅಕ್ಷರ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಅವಳು ಓದಿ ಮೂಗು ಮುರಿದಳು. "ಸಾರ್, ಇದು ಮದುವೆ ಕರೆಯೋ ಮಾತಾ, ಕೋರ್ಟ್ ನೋಟಿಸಾ?" ಅಂದಳು. ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ ಎಂದು ತಿದ್ದಿದಳು. ಹುಡುಗಿಯ ತಂದೆ ಓದಿ, ಇದೇ ನೋಡಿ ಬೇಕಾಗಿದ್ದು ಅಂದರು.

ಇದನ್ನು ನೆನೆಸಿಕೊಂಡು ನಾನು ಸಮಾಧಾನ ಪಟ್ಟುಕೊಳ್ಳುತ್ತಿಲ್ಲ. ಇವತ್ತು ಅವಳು ತಿದ್ದಿದ್ದನ್ನು ನಾಳೆ ಯಂತ್ರ ಕಲಿಯುತ್ತದೆ. ಕಲಿಯದೇ ಹೋದರೆ? ಆಗ ನಿಮ್ಮ ಮಕ್ಕಳು ವಿನಂತಿಸಲಾಗಿದೆ ಎಂಬುದನ್ನೇ ಕನ್ನಡ ಅಂದುಕೊಳ್ಳುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ನಷ್ಟ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೇನೆ. ಮೂರು ಜನರ ಕೆಲಸ ಹೋಗುವಾಗ ಯಂತ್ರಕ್ಕೆ ಕನ್ನಡ ಬರುತ್ತಿತ್ತಾ? ಇಲ್ಲ. ಕನ್ನಡ ಬರದ ಯಂತ್ರವೂ ಕೆಲಸ ಕಿತ್ತುಕೊಂಡಿತು. ಕೆಲಸವೂ ಹೋಗಿ ಭಾಷೆಯೂ ಹೋಗುವುದು ನನಗೆ ಬೇಡ.

ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದವರು ನಿಮ್ಮಂಥ ಹುಡುಗರು. ಆ ಎರಡು ತಿಂಗಳು ಬೋರ್ಡು ಬರೆಯುವವರಿಗೆ ಹಬ್ಬ, ಸುಳ್ಳು ಯಾಕೆ ಹೇಳಲಿ, ನನಗೂ ನಾಲ್ಕು ಕಾಸು ಬಂತು. ಆದರೆ ಬೋರ್ಡು ಬಾಗಿಲ ಹೊರಗಿರುತ್ತದೆ. ಬಾಗಿಲ ಒಳಗೆ ನಿಂತು ಮಾತಾಡುವ ಬೊಂಬೆಗೆ ಶೇಕಡಾ ಎಷ್ಟು ಕನ್ನಡ? ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮೆಟ್ರೋದಲ್ಲಿ, ಏರ್‌ಪೋರ್ಟಿನಲ್ಲಿ ಜನರ ಜೊತೆ ಮಾತಾಡುವ ಯಂತ್ರ ಕೊಳ್ಳುವ ಮುಂಚೆ, ಕಲಬುರಗಿಯ ಅಜ್ಜಿಯೊಬ್ಬಳ ಮಾತು, ಕುಂದಾಪುರದ ಮೀನುಗಾರನ ಮಾತು, ಕೋಲಾರದ ರೈತನ ಮಾತು ಇದಕ್ಕೆ ತಿಳಿಯುತ್ತದೆಯೇ ಎಂದು ಪರೀಕ್ಷೆ ಮಾಡಿ ಎಂದು ಕೇಳುವುದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಆ ಸಾಲು ಸೇರಿಸಿ ಎಂದು ಅರ್ಜಿ ಬರೆಯಿರಿ. ಅಚ್ಚು ಹಾಕುವುದು ನನಗಿರಲಿ, ಕಾಸು ಬೇಡ.

ನಿಮ್ಮಲ್ಲಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವವರು ಬಹಳ ಮಂದಿ. ನನ್ನ ಮೇಲೆ ನಕ್ಕರೂ ಪರವಾಗಿಲ್ಲ, ಫೋನಿನ ಜೊತೆ ಕನ್ನಡದಲ್ಲಿ ಮಾತಾಡಿ. ಅದು ತಪ್ಪು ಕೇಳಿಸಿಕೊಂಡರೆ ಇಂಗ್ಲಿಷಿಗೆ ಜಾರಬೇಡಿ. ತಪ್ಪು ಕೇಳಿಸಿಕೊಂಡೆ ಎಂದು ಅದಕ್ಕೆ ಹೇಳುವ ಬಟನ್ನು ಇರುತ್ತದಲ್ಲ, ಅದನ್ನು ಒತ್ತಿ. ಯಾರೂ ಕನ್ನಡ ಬಳಸುತ್ತಿಲ್ಲ ಎಂಬ ಲೆಕ್ಕ ಕಂಪನಿಗೆ ಸಿಕ್ಕಿದ ದಿನ ಕನ್ನಡದ ಬಾಗಿಲು ಮುಚ್ಚುತ್ತದೆ, ಅದಕ್ಕೆ ಯಾವ ಕನ್ನಡದ್ವೇಷವೂ ಬೇಕಾಗಿಲ್ಲ.

ನಾನು ಮಾಡುತ್ತಿರುವುದು ಇಷ್ಟೇ. ಹಳೆಯ ಫೈಲುಗಳನ್ನು ಒಂದೊಂದಾಗಿ ಯುನಿಕೋಡಿಗೆ ತಿರುಗಿಸುತ್ತಿದ್ದೇನೆ. ತಿರುಗಿಸುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಆದರೆ ಅರ್ಕಾವೊತ್ತು ಎಲ್ಲೋ ಹೋಗಿ ಎಲ್ಲೋ ಕೂರುತ್ತದೆ, ಸೂರ್ಯ ಸೂಯ ಆಗುತ್ತಾನೆ, ಒಬ್ಬರು ಕೂತು ಓದಿ ತಿದ್ದಲೇಬೇಕು. ಬರೆದವರ ಮನೆಗೆ ಹೋಗಿ ಒಪ್ಪಿಗೆ ಕೇಳುತ್ತೇನೆ. ಕೆಲವರು ಬೇಡ ಅಂದರು, ಅವರ ಹಕ್ಕು. ಇಲ್ಲಿಯವರೆಗೆ ಹನ್ನೊಂದು ಪುಸ್ತಕ ಮುಗಿದಿವೆ. ಹಾರ್ಮೋನಿಯಂ ಮೇಷ್ಟ್ರ ನಾಟಕ ಅರ್ಧದಲ್ಲಿದೆ. ಅದರಲ್ಲಿ ಬರುವ ಬೈಗುಳಗಳನ್ನು ಮಾತ್ರ ಅಕ್ಷರ ಬಿಡದೆ ತಿದ್ದಿಟ್ಟಿದ್ದೇನೆ, ಸಾಲ ವಸೂಲಿಯ ದನಿಗೂ ಸ್ವಲ್ಪ ಉಪಯೋಗಕ್ಕೆ ಬರಲಿ.

ನಿಮ್ಮ ತಂದೆಯೋ, ಮೇಷ್ಟ್ರೋ, ನಿಮ್ಮೂರಿನ ಸಂಘದವರೋ ಅಚ್ಚು ಹಾಕಿಸಿದ ಪುಸ್ತಕದ ಸಿ.ಡಿ. ಅಟ್ಟದ ಮೇಲೆ ಬಿದ್ದಿದ್ದರೆ ಧೂಳು ಹೊಡೆದು ನಿಮ್ಮ ಹತ್ತಿರದ ಪ್ರೆಸ್ಸಿಗೆ ಕೊಂಡೊಯ್ಯಿರಿ. ನನ್ನ ಬೀದಿಯವರಾದರೆ ಭಾನುವಾರ ಬನ್ನಿ. ಅವತ್ತು ಮೆಷೀನಿಗೆ ರಜಾ, ಕಂಪ್ಯೂಟರು ಖಾಲಿ ಇರುತ್ತದೆ. ಪ್ರೂಫು ನೋಡಲು ಇಬ್ಬರು ಹುಡುಗರು ಬೇಕು. ಕಾಫಿ ನಮ್ಮಮ್ಮ ಕೊಡುತ್ತಾಳೆ.